ಹದಿನೇಳನೆಯ ಮೊಳೆ

ಮೇಷ್ಟ್ರು ಒಂದು ವಾರದಿಂದ ಅಂಗಡಿಯ ಬೆಂಚು ಬಿಟ್ಟು ಕದಲಿರಲಿಲ್ಲ. ನಿವೃತ್ತರಾದವರಿಗೆ ಏನಾದರೊಂದು ಹುಚ್ಚು ಬೇಕೇ ಬೇಕು. ಇವರಿಗೆ ಹಿಡಿದದ್ದು ಚರಿತ್ರೆಯ ಹುಚ್ಚು. ಚಿನ್ನದ ಗಣಿ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಕಂಪನಿ ಆಫೀಸಿನ ಚಾವಣಿ ಗಾಳಿಗೆ ಹಾರಿಹೋಗಿತ್ತು. ಕಣ್ಣುಬಿಟ್ಟುಕೊಂಡು ಕೂತಿದ್ದದ್ದು ಗೇಟಿನ ಎದುರಿನ ಈ ಜನರಲ್ ಸ್ಟೋರ್ ಒಂದೇ. ಅದರ ಕಥೆಯನ್ನಾದರೂ ಪುಸ್ತಕ ಮಾಡಿಯೇ ತೀರುತ್ತೇನೆಂದು ಮೇಷ್ಟ್ರು ಹಟ ಹಿಡಿದಿದ್ದರು.

ಅಂಗಡಿಯಮ್ಮನೂ ಕೇಳಿದ್ದಕ್ಕೆಲ್ಲ ಹೇಳುತ್ತಿದ್ದಳು. ಅತ್ತೆ ಮೊದಲು ಗುಡಾರದಲ್ಲಿ ಸಾಬೂನು, ಬೆಂಕಿಪೊಟ್ಟಣ ಇಟ್ಟುಕೊಂಡು ಕೂತದ್ದು, ಆಮೇಲೆ ತಗಡಿನ ಗೋಡೆ ಎದ್ದದ್ದು, ಕಡೆಗೆ ಬೂಟಿನ ಲೇಸಿನಿಂದ ಹಿಡಿದು ತೊಟ್ಟಿಲಿನವರೆಗೆ ಸಿಗದ ವಸ್ತುವೇ ಇಲ್ಲ ಎನ್ನುವಂತಾದದ್ದು.

"ಅದೆಲ್ಲ ಆಯ್ತಮ್ಮ, ಈಗ ಮೊಳೆ ಹಲಗೆ ವಿಷಯಕ್ಕೆ ಬರೋಣ" ಎಂದರು ಮೇಷ್ಟ್ರು.

ಅಂಗಡಿಯಮ್ಮ ಪಕ್ಕಕ್ಕೆ ಕಣ್ಣು ಹಾಯಿಸಿದಳು. ಬೆಂಚಿನ ಇನ್ನೊಂದು ತುದಿಯಲ್ಲಿ ಟೈಲರಮ್ಮ ಕೂತು ನೂಲಿನ ಉಂಡೆ ಆರಿಸುತ್ತಿದ್ದಳು. ಇವಳ ಎದುರಿಗೆ ಆ ಮಾತು ಬೇಡವಾಗಿತ್ತು. ಆದರೆ ಬರೆಯಲು ಕೂತ ಮೇಷ್ಟ್ರನ್ನು ತಡೆಯುವವರು ಯಾರು?

ಹಲಗೆಯ ಸಂಗತಿ ಇಷ್ಟೇ. ಗಣಿಯಿಂದ ಮೇಲೆ ಬಂದವರನ್ನು ಗೇಟಿನಲ್ಲಿ ಬಾಯಿ ಬಿಡಿಸಿ, ಬೂಟು ಬಿಚ್ಚಿಸಿ ತಪಾಸಣೆ ಮಾಡುತ್ತಿದ್ದರು. ಮೈಮೇಲೆ ಗುಲಗಂಜಿಯಷ್ಟು ಚಿನ್ನ ಕಂಡರೂ ಮುಗಿಯಿತು, ಅದು ನಿನ್ನ ಮದುವೆಯ ಉಂಗುರವೋ ಗಣಿಯದೋ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಹಾಗಾಗಿ ಚಿನ್ನ ಅಗೆಯಲು ಹೋಗುವವರು ಮೊದಲು ತಮ್ಮ ಚಿನ್ನವನ್ನು ಕಳಚಿಟ್ಟು ಹೋಗಬೇಕಿತ್ತು. ಕೌಂಟರಿನ ಹಿಂದೆ ಅತ್ತೆ ಒಂದು ಹಲಗೆ ಹೊಡೆಸಿ, ಒಬ್ಬೊಬ್ಬರಿಗೆ ಒಂದೊಂದು ನಂಬರಿನ ಮೊಳೆ ಕೊಟ್ಟಿದ್ದಳು. ಇಳಿಯುವಾಗ ಉಂಗುರ ಮೊಳೆಗೆ, ಹತ್ತಿ ಬಂದಾಗ ಬೆರಳಿಗೆ. ನೇತುಹಾಕಿದವನೇ ತೆಗೆಯಬೇಕು, ಬೇರೆ ಯಾರ ಕೈಯೂ ಸೋಕಬಾರದು. ಅತ್ತೆಯ ಕಟ್ಟಪ್ಪಣೆ ಅದು.

ಕೆಲಸದವರು ತಮ್ಮತಮ್ಮಲ್ಲೇ ಪಾಳಿ ಬದಲಾಯಿಸಿಕೊಳ್ಳುತ್ತಿದ್ದರು, ಕಂಪನಿಯ ಹಾಜರಿ ಪುಸ್ತಕದಲ್ಲಿ ಒಬ್ಬನ ಹೆಸರು, ಒಳಗೆ ಇನ್ನೊಬ್ಬ. ಕೆಳಗೆ ನಿಜವಾಗಿ ಯಾರಿದ್ದಾರೆ ಎಂದು ತಿಳಿಯಬೇಕಾದರೆ ಮ್ಯಾನೇಜರನೂ ಈ ಹಲಗೆಯನ್ನೇ ನೋಡಬೇಕಿತ್ತು. ಮೂವತ್ತೊಂದು ವರ್ಷದ ಹಿಂದೆ ಸುರಂಗ ಕುಸಿದು ಸೈರನ್ ಕೂಗಿದ ದಿನವೂ ಅವನು ಓಡಿ ಬಂದದ್ದು ಇಲ್ಲಿಗೇ. ಮೇಲೆ ಬಂದವರೆಲ್ಲ ಉಂಗುರ ತೆಗೆದುಕೊಂಡ ಮೇಲೆ ಆರು ಉಳಿದಿದ್ದವು. ಅತ್ತೆ ಎಣಿಸಿ ಹೇಳಿದಳು. ಮೂರನೆಯ ದಿನ ಸಂಜೆ ಆರೂ ಜನ ಜೀವಂತ ಬಂದರು, ಅಗೆಯುವವರು ಹಾರೆ ಕೆಳಗಿಟ್ಟರು, ಊರು ಅತ್ತೆಯನ್ನು ತಲೆಯ ಮೇಲೆ ಹೊತ್ತು ಮೆರೆಸಿತು.

ಮೇಷ್ಟ್ರು ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಈ ಹಲಗೆಯ ದೆಸೆಯಿಂದ ಅಂದು ಒಂದು ಜೀವವೂ ಹೋಗಲಿಲ್ಲ."

ಟೈಲರಮ್ಮ ನಕ್ಕಳು. "ಒಬ್ಬ ಓಡಿಹೋದ ಅಂತಾನೂ ಬರ್ಕೊಳ್ಳಿ ಮೇಷ್ಟ್ರೇ. ಎಲ್ರೂ ಅಳ್ತಾ ಇದ್ರೆ ಆ ಗದ್ದಲದಲ್ಲಿ ನಮ್ಮನೆ ಮಹಾನುಭಾವ ಉಂಗುರ ಹಾಕ್ಕೊಂಡು ಪರಾರಿ. ಚರಿತ್ರೆ ಅಂದ್ಮೇಲೆ ಎಲ್ಲಾ ಇರ್ಬೇಕಲ್ವಾ?"

ಈ ನಗುವನ್ನು ಅಂಗಡಿಯಮ್ಮ ಮೂವತ್ತೊಂದು ವರ್ಷ ಕೇಳಿದ್ದಳು. ಗಂಡ ಬಿಟ್ಟವಳು ಎನ್ನಿಸಿಕೊಂಡು, ಹೊಲಿಗೆ ಯಂತ್ರ ತುಳಿದೇ ಮಗಳನ್ನು ಸಾಕಿದವಳ ನಗು ಅದು. ಪ್ರತಿ ಸಲವೂ ಅಂಗಡಿಯಮ್ಮ ಹಲ್ಲುಕಚ್ಚಿ ಸಹಿಸಿದ್ದಳು. ಆದರೆ ಪುಸ್ತಕದಲ್ಲಿ ಅಚ್ಚಾದರೆ ಆ ಮನುಷ್ಯ ಇನ್ನು ಎಂದೆಂದಿಗೂ ಓಡಿಹೋದವನೇ. ಇವತ್ತು ಬಾಯಿ ಬಿಡದಿದ್ದರೆ ತಾನು ಮನುಷ್ಯಳೇ ಅಲ್ಲ ಎನ್ನಿಸಿತು ಅವಳಿಗೆ.

"ಅವರು ಓಡಿಹೋಗಿಲ್ಲ" ಎಂದಳು. "ಅವರು ಕೆಳಗೇ ಇದ್ರು."

ಟೈಲರಮ್ಮನ ಕೈ ನೂಲಿನ ಮೇಲೆ ನಿಂತಿತು. ಅಂಗಡಿಯಮ್ಮ ತಡೆಯದೆ ಹೇಳಿದಳು, ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ಅವಳಿಗಿರಲಿಲ್ಲ. ಆಗ ಅವಳು ಆ ಮನೆಗೆ ಬಂದು ಎರಡು ವರ್ಷವಾಗಿದ್ದ ಸೊಸೆ. ದೀಪದ ಮಸಿ ಹಿಡಿದು ಹಲಗೆ ಕಪ್ಪಾಗಿತ್ತು. ಸೈರನ್ ಕೂಗಿದ ದಿನ ಬೆಳಗ್ಗೆ ಅತ್ತೆ ಇಲ್ಲದ ಹೊತ್ತು ನೋಡಿ, ಒರೆಸಿಟ್ಟರೆ ಭೇಷ್ ಅನ್ನುತ್ತಾಳೆಂದು ಉಂಗುರಗಳನ್ನೆಲ್ಲ ತೆಗೆದು, ಒರೆಸಿ, ಮತ್ತೆ ನೇತುಹಾಕಿದ್ದಳು. ಹದಿನೇಳನೆಯ ಮೊಳೆಯದು ಕೈಜಾರಿ ಕೆಳಗಿದ್ದ ಒಗೆಯುವ ಸೋಡಾದ ಮೂಟೆಗೆ ಬಿದ್ದಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಯಾರದೋ ಬದಲಿಗೆ ಪಾಳಿಗೆ ಇಳಿದು, ಕೆಳಗಿನ ಸುರಂಗದ ಪಂಪಿನ ಹತ್ತಿರ ಒಬ್ಬನೇ ಇದ್ದ ಮನುಷ್ಯ ಲೆಕ್ಕಕ್ಕೇ ಬರಲಿಲ್ಲ.

"ಯಾರಿಗೋ ಸೋಡಾ ತೂಗ್ತಾ ಇದ್ದೆ. ಮೊಗೆಯೋ ಡಬ್ಬಿಯಲ್ಲಿ ಉಂಗುರ ಬಂತು."

"ಯಾವತ್ತು?" ಎಂದಳು ಟೈಲರಮ್ಮ.

ಈ ಪ್ರಶ್ನೆಗೆ ಅಂಗಡಿಯಮ್ಮನ ಹತ್ತಿರ ಉತ್ತರ ಸಿದ್ಧವಿತ್ತು. ಒಂದು ತಿಂಗಳಾದ ಮೇಲೆ, ಎಲ್ಲ ಮುಗಿದ ಮೇಲೆ. ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡು ಅರ್ಧ ನಂಬಿಯೂ ಬಿಟ್ಟಿದ್ದಳು. ಟೈಲರಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ನಾಲ್ಕನೇ ದಿನ ಬೆಳಗ್ಗೆ."

"ನಾನು ಮಗೂನ ಎತ್ಕೊಂಡು ಬಂದಿದ್ದೆ ಅವತ್ತು. ಇನ್ನೊಂದ್ಸಲ ಸರಿಯಾಗಿ ನೋಡಿ ಅಂತ ನಿಮ್ಮತ್ತೆಗೆ ಕೈ ಮುಗಿದೆ. ಮೊಳೆ ಖಾಲಿ ಇದೆ, ತಗೊಂಡು ಹೋಗಿದ್ದಾನೆ ಅಂದ್ರು."

"ಹೌದು."

"ನೀವು ಪಕ್ಕದಲ್ಲೇ ನಿಂತಿದ್ರಿ."

"ಉಂಗುರ ನನ್ನ ಮುಷ್ಟಿಯಲ್ಲಿತ್ತು" ಎಂದಳು ಅಂಗಡಿಯಮ್ಮ. "ಅತ್ತೆ ಮನೆಯಿಂದ ಓಡಿಸ್ತಾರೆ ಅಂತ ಭಯ. ಹೇಳಿದ್ರೆ ಮತ್ತೆ ಅಗೀತಿದ್ರು, ಗೊತ್ತಿತ್ತು. ಅಷ್ಟೊತ್ತಿಗೆ ಜೀವ ಹೋಗಿರತ್ತೆ ಅಂದ್ಕೊಂಡೆ. ಅಂದ್ಕೊಂಡೆ ಅಷ್ಟೇ, ತಂಗಿ."

"ಮೂರು ದಿನ ಆರು ಜನ ಬದುಕಿದ್ರು" ಎಂದಳು ಟೈಲರಮ್ಮ, ತನ್ನಷ್ಟಕ್ಕೆ. "ನಾಲ್ಕನೇ ದಿನ ಬೆಳಗ್ಗೆ."

ಮೇಷ್ಟ್ರು ಪುಸ್ತಕ ಮುಚ್ಚಲು ಹೋದರು. ಟೈಲರಮ್ಮ ಕೈ ಅಡ್ಡ ಹಿಡಿದಳು. "ಕೆಳಗಿದ್ದದ್ದು ಏಳು ಜನ ಅಂತ ತಿದ್ದಿ." ಗಂಡನ ಹೆಸರನ್ನು ಪೂರ್ತಿಯಾಗಿ, ಅಪ್ಪನ ಹೆಸರಿನ ಸಮೇತ ಹೇಳಿ ಬರೆಸಿದಳು. ಇಷ್ಟು ವರ್ಷದಲ್ಲಿ ಆ ಹೆಸರು ಅವಳ ಬಾಯಲ್ಲಿ ಬಂದದ್ದನ್ನು ಅಂಗಡಿಯಮ್ಮ ಕೇಳಿರಲಿಲ್ಲ.

ಬೈಗುಳಕ್ಕೋ ಏಟಿಗೋ ಅಂಗಡಿಯಮ್ಮ ತಲೆ ಬಗ್ಗಿಸಿ ಕಾದಳು. ಟೈಲರಮ್ಮ ಎದ್ದು ಸೆರಗು ಸರಿಮಾಡಿಕೊಂಡಳು.

"ಚಪ್ಪಲಿ ಮೆಟ್ಕೊಳ್ಳಿ" ಎಂದಳು. "ಮಗಳು ಮನೇಲಿದ್ದಾಳೆ. ನೀವೇ ಬಂದು ಹೇಳ್ಬೇಕು. ಅವರಪ್ಪನ್ನ ಅವಳ ಮುಂದೆ ದಿನಾ ಬೈದು ಬೆಳೆಸಿದ್ದೀನಿ. ಇನ್ನು ನಾನು ಹೇಳಿದ್ರೆ ಅವಳು ನಂಬಲ್ಲ."