ಸಿದ್ದಯ್ಯನ ಎತ್ತು, ಮನ್ಸೂರನ ಹದ್ದು

ಗುಬ್ಬಿಯ ಮನ್ಸೂರ್ ಅಲಿಗೆ ರಣಹದ್ದುಗಳೆಂದರೆ ಮನೆಯ ಆಳುಗಳು, ಅದೂ ಕೂಲಿ ಕೇಳದ ಆಳುಗಳು! ಸತ್ತ ದನದ ಚರ್ಮ ಸುಲಿದು ಊರಾಚೆಯ ಬಂಡೆಯ ಮೇಲೆ ಹಾಕಿದರೆ ಸಾಕು, ಐವತ್ತು ಅರವತ್ತು ಹದ್ದು ಇಳಿದು ಮೂಳೆಯನ್ನು ಬೆಳ್ಳಗೆ ಮಾಡಿಬಿಡುತ್ತಿದ್ದವು. ಆ ಮೂಳೆ ಆರಿಸಿ ಹಿರೇಹಳ್ಳಿ ಕಡೆಯ ಮೂಳೆಪುಡಿ ಮಿಲ್ಲಿಗೆ ಹಾಕುವುದು ಅವನಪ್ಪನ ಕಾಲದಿಂದ ಬಂದ ಕಸುಬು.

ತೊಂಬತ್ತೈದರ ಈಚೆಗೆ ಅವು ಕರಗುತ್ತ ಬಂದವು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಎರಡು ಸಾವಿರದ ಒಂದರ ಹೊತ್ತಿಗೆ ಉಳಿದದ್ದು ಒಂದೇ ಜೋಡಿ, ಅದರಲ್ಲೊಂದು ಕುಂಟ. ಅವೂ ಹಸಿದು ದೂರ ಹೋಗಿಬಿಟ್ಟರೆ ಏನು ಗತಿ ಅಂತ ಮನ್ಸೂರನಿಗೆ ಊಟ ಸೇರುತ್ತಿರಲಿಲ್ಲ. "ಹೆಂಡ್ತಿ ಮಕ್ಳು ಉಂಡ್ರಾ ಅಂತ ಒಂದಿನಾನೂ ಹಿಂಗೆ ಕೇಳ್ದೋರಲ್ಲ," ಎಂದು ಹೆಂಡತಿ ತಾಜುನ್ನೀಸಾ ರೇಗಿಸುತ್ತಿದ್ದಳು.

ಆಗಲೇ ಊರಿನ ರೈತ ಸಿದ್ದಯ್ಯನ ಎತ್ತು ಸತ್ತದ್ದು. ಹದಿನಾಲ್ಕು ವರ್ಷ ದುಡಿದ ಎತ್ತು.

"ಕಾಲು ಊದ್ಕೊಂಡು ನರಳೋದು ನೋಡಕ್ಕಾಗ್ಲಿಲ್ಲ ಸಾಬ್ರೇ. ಮೂರ್ ದಿನಾನೂ ನೋವಿನ ಇಂಜೆಕ್ಷನ್ ಹಾಕ್ಸಿದೆ. ನೆಮ್ಮದಿಯಾಗಿ ಕಣ್ಮುಚ್ತು ಬುಡಿ," ಎಂದು ಸಿದ್ದಯ್ಯ ಟವಲ್ಲಿನಿಂದ ಕಣ್ಣೊರೆಸಿಕೊಂಡ. "ಹೊಲದಲ್ಲೇ ಹೂಳೋಣ ಅಂತಿದೀನಿ."

"ಬ್ಯಾಡ ಸಿದ್ದಯ್ಯನೋರೇ, ನಂಗೆ ಕೊಡಿ. ನನ್ ಹಕ್ಕಿಗಳು ಹಸ್ಕೊಂಡವೆ," ಎಂದು ಮನ್ಸೂರ್ ಅಂಗಲಾಚಿದ.

ಟೈರ್ ಗಾಡಿಯಲ್ಲಿ ಎತ್ತನ್ನು ಬಂಡೆಗೆ ಸಾಗಿಸಿ, ನಾಯಿಗಳು ಬಾರದಂತೆ ದೊಣ್ಣೆ ಹಿಡಿದು ತಾನೇ ಕಾವಲು ಕೂತ. ಮಧ್ಯಾಹ್ನ ಜೋಡಿ ಇಳಿಯಿತು. ಎರಡೂ ಹೊಟ್ಟೆ ಬಿರಿಯುವಷ್ಟು ತಿಂದದ್ದನ್ನು ಕಂಡು ಅವನಿಗೆ ಮಗಳ ಮದುವೆ ಊಟ ಬಡಿಸಿದಷ್ಟು ಖುಷಿಯಾಯಿತು.

ಮಾರನೆಯ ದಿನ ಎರಡೂ ಆಲದ ಮರದಲ್ಲಿ ಕತ್ತು ಇಳಿಬಿಟ್ಟು ಕೂತಿದ್ದವು. ಮೂರನೆಯ ದಿನ ಒಂದು ಸತ್ತು ಕೆಳಗೆ ಬಿದ್ದಿತ್ತು, ನಾಲ್ಕನೆಯ ದಿನ ಕುಂಟನೂ.

ಐದು ವರ್ಷದ ಮೇಲೆ ಮೇಕೆ ಹಿಡಿದುಕೊಂಡು ಪಶು ಆಸ್ಪತ್ರೆಗೆ ಹೋಗಿದ್ದಾಗ ಡಾಕ್ಟರು ಮಾತಿಗೆ ಮಾತು ಬಂದು ಹೇಳಿದರು: "ದನಗಳಿಗೆ ಹಾಕ್ತಿದ್ವಲ್ಲ ನೋವಿನ ಇಂಜೆಕ್ಷನ್, ಅದನ್ನ ಸರ್ಕಾರ ಬ್ಯಾನ್ ಮಾಡೈತೆ ಕಣ್ರೀ. ಅದು ಹಾಕಿದ ದನ ಸತ್ತಾಗ ತಿಂದ್ರೆ ರಣಹದ್ದಿನ ಕಿಡ್ನಿ ಹೋಗುತ್ತಂತೆ."

ಮನ್ಸೂರನಿಗೆ ಸಿದ್ದಯ್ಯನ ಎತ್ತು ನೆನಪಾಯಿತು. ಹೂಳುತ್ತೇನೆ ಅಂದವನ ಹತ್ತಿರ ಬೇಡಿ ತಂದವನು ತಾನು. ಯಾ ಅಲ್ಲಾ, ಕಾವಲು ಕೂತು ತಿನ್ನಿಸಿದವನೂ ತಾನೇ! ಸಿದ್ದಯ್ಯನಿಗೆ ಇದನ್ನು ಹೇಳಲು ಅವನಿಗೆ ಇವತ್ತಿಗೂ ಬಾಯಿ ಬಂದಿಲ್ಲ.

ಈಗ ಯಾರ ಮನೆಯ ದನ ಸತ್ತರೂ ಮೊದಲು ಕೇಳುತ್ತಾನೆ, "ಇಂಜೆಕ್ಷನ್ ಹಾಕ್ಸಿದ್ರಾ?" ಹೌದೆಂದರೆ ಗುಂಡಿ ತೋಡಿ ಹೂಳುತ್ತಾನೆ. ಇಲ್ಲವೆಂದರೆ ಬಂಡೆಗೆ ಸಾಗಿಸಿ, ದೊಣ್ಣೆ ಹಿಡಿದು ಕೂರುತ್ತಾನೆ.

"ಯಾವ ಹದ್ದು ಬತ್ತದೆ ಅಂತ ಸಾಬ್ರೇ ಈ ಕಾವಲು?" ಎಂದು ಮೊನ್ನೆ ಸಿದ್ದಯ್ಯ ನಗುತ್ತ ಕೇಳಿದ. ಮನ್ಸೂರ್ ಆಕಾಶ ನೋಡುತ್ತ ಕೂತಿದ್ದ. ಸಂಜೆ ಅವನು ಎದ್ದು ಹೋಗುವವರೆಗೆ ಕಾದಿದ್ದ ನಾಯಿಗಳು ಬಂಡೆಯ ಮೇಲಿನ ದನವನ್ನು ತಿಂದವು.