ಹದಿನೈದು ಸೆಂಟಿಮೀಟರ್

ಹದಿನೈದು ಸೆಂಟಿಮೀಟರ್ ಎಷ್ಟು ಗಂಭೀರವಾದ ಸಂಗತಿ ಎಂಬುದನ್ನು ಜಗತ್ತು ಇನ್ನೂ ಅರಿತಂತಿಲ್ಲ. ಯುದ್ಧಗಳ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಗಡಿಯಾರ ಗೋಪುರದ ಎತ್ತರ ೨೧.೩೪ ಮೀಟರೋ ೨೧.೧೯ ಮೀಟರೋ ಎಂಬ ವಿಚಾರಕ್ಕೆ ಯಾರೂ ಒಂದು ಸಾಲನ್ನೂ ಮೀಸಲಿಟ್ಟಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

೨೧.೩೪ ಎಂದವರು ಸರ್ವೇ ಕಲಿಸುತ್ತಿದ್ದ ಪ್ರೊಫೆಸರು. ಮಿಲಿಮೀಟರ್ ಮೇಷ್ಟ್ರು ಎಂದೇ ಅವರ ಖ್ಯಾತಿ. ಕೆಲಸಕ್ಕೆ ಸೇರಿದ ಮೊದಲ ವಾರವೇ ಗೋಪುರದ ತುದಿಯಿಂದ ಉಕ್ಕಿನ ಟೇಪ್ ಇಳಿಬಿಟ್ಟು ಅಳೆದಿದ್ದರು. ಟೇಪು ಅವರ ಗುರುಗಳು ಕೊಟ್ಟ ಉಡುಗೊರೆ. ಅಳತೆ ಮುಗಿದ ಮೇಲೆ ಅದನ್ನು ಚರ್ಮದ ಡಬ್ಬಿಯಲ್ಲಿಟ್ಟು ಬೀರುವಿಗೆ ಸೇರಿಸಿದರು, ಮತ್ತೆ ಮುಟ್ಟಲಿಲ್ಲ. ಅಂಕಿ ಮಾತ್ರ ಅವರು ನಿವೃತ್ತರಾಗುವವರೆಗೆ ಮೂವತ್ತನಾಲ್ಕು ವರ್ಷ ದುಡಿಯಿತು. ಪ್ರತಿ ಬ್ಯಾಚಿನವರೂ ಮೈದಾನದಲ್ಲಿ ಯಂತ್ರ ನಿಲ್ಲಿಸಿ, ಕೋನ ನೋಡಿ, ಲೆಕ್ಕ ಹಾಕಿ ಗೋಪುರದ ಎತ್ತರ ಕಂಡುಹಿಡಿಯಬೇಕು, ೨೧.೩೪ ಬಾರದವರು ಮತ್ತೆ ಬಿಸಿಲಿಗೆ ಹೋಗಬೇಕು. ಹುಡುಗರ ಅಳತೆ ಯಾವಾಗಲೂ ಸ್ವಲ್ಪ ಕಡಿಮೆಯೇ ಬರುತ್ತಿತ್ತು. ಅದು ಆ ವಯಸ್ಸಿನ ಸೋಮಾರಿತನ ಎಂದು ಮೇಷ್ಟ್ರು ಸಿದ್ಧಾಂತ ಮಾಡಿದ್ದರು. ಒಮ್ಮೆ ಸ್ವತಃ ಯಂತ್ರದಲ್ಲಿ ನೋಡಿದಾಗ ೨೧.೨೦ ಬಂತು. ಯಂತ್ರವನ್ನು ರಿಪೇರಿಗೆ ಕಳಿಸಿದರು.

೨೧.೧೯ ಎಂದವಳು ರೋಲ್ ನಂಬರ್ ಹದಿನೇಳು. ಈಗ ಅವಳು ನಗರಸಭೆಯ ಮುಖ್ಯ ಸರ್ವೇಯರ್, ನಲವತ್ತೇಳರ ಹೆಂಗಸು, ಕೈಕೆಳಗೆ ಹನ್ನೆರಡು ಜನ. ಮೇಷ್ಟರ ಬಾಯಲ್ಲಿ ಮಾತ್ರ ಇವತ್ತಿಗೂ 'ಹದಿನೇಳು'. ಮೂರು ಸಲ ಬಿಸಿಲಲ್ಲಿ ನಿಂತಾಗಲೂ ಅವಳಿಗೆ ೨೧.೧೯ ಬಂದಿತ್ತು. ನಾಲ್ಕನೆಯ ಸಲ, ನೆತ್ತಿ ಕಾದು ಹೋಗಿ, ಪುಸ್ತಕದಲ್ಲಿದ್ದುದನ್ನು ರಬ್ಬರಿನಲ್ಲಿ ಅಳಿಸಿ ೨೧.೩೪ ಬರೆದಳು. ಹತ್ತಕ್ಕೆ ಹತ್ತು ಸಿಕ್ಕಿತು.

ಅಳಿಸುವುದು ಮೇಷ್ಟರ ಶಾಸ್ತ್ರದಲ್ಲಿ ಮಹಾಪಾಪ. ತಪ್ಪು ಬರೆದರೆ ಒಂದೇ ಗೆರೆ ಹೊಡೆದು, ಮೇಲೆ ಸರಿಯಾದದ್ದು ಬರೆದು, ಸಹಿ ಹಾಕಬೇಕು. ತಪ್ಪು ಕಾಣುತ್ತಲೇ ಇರಬೇಕು. ಕ್ಲಾಸಿನಲ್ಲಿ ಕಿತ್ತುಕೊಂಡ ರಬ್ಬರುಗಳು ಅವರ ಮೇಜಿನ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿದ್ದವು: ಹಲ್ಲಿನ ಗುರುತಿನವು, ಹೆಸರು ಕೆತ್ತಿದವು, ಹಣ್ಣಿನ ವಾಸನೆಯವು. ಆ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತಿದ್ದ ವಾಸನೆ ಅವಳಿಗೆ ಈಗಲೂ ಯೌವನದ ವಾಸನೆ.

ಸ್ನೇಹ ಬೆಳೆದದ್ದು ಆಮೇಲೆ. ಅವಳಿಗೆ ಕೆಲಸ ಸಿಕ್ಕ ಮೊದಲ ದಿನ ಮೇಷ್ಟ್ರು ಬಸ್ಸು ಹತ್ತಿ ಬಂದು, ರಸ್ತೆಯ ಆಚೆ ಬದಿ ನಿಂತು, ಯಂತ್ರದ ಕಾಲು ಸರಿಯಾಗಿ ಊರಿದಳೋ ಇಲ್ಲವೋ ನೋಡಿಕೊಂಡು, ಮಾತಾಡಿಸದೆ ಹೋದರು. ಅಂದಿನಿಂದ ತಿಂಗಳಿಗೊಂದು ಭಾನುವಾರ ಅವಳು ಅವರ ಮನೆಗೆ ಹಾಜರು. ಕಾಫಿ ಕುಡಿಯುತ್ತಾ ಎದುರುಮನೆಯ ಗೇಟಿನ ಅಗಲ ಎಷ್ಟು ಎಂದು ಊಹಿಸುವುದು, ಆಮೇಲೆ ಹೋಗಿ ಅಳೆಯುವುದು. ಎದುರುಮನೆಯವರು ಅಭ್ಯಾಸ ಮಾಡಿಕೊಂಡಿದ್ದರು. ಗೋಪುರದ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಗೋಪುರ ಬಿರುಕು ಬಿಟ್ಟಿತು. ಕೆಡವಬೇಕೆಂದು ತೀರ್ಮಾನವಾಯಿತು. ಕೆಡವುವ ಮುನ್ನ ಅಳತೆ ದಾಖಲಿಸಿ ಸಹಿ ಹಾಕಬೇಕಾದದ್ದು ಹದಿನೇಳು. ಮೇಷ್ಟರ ಫೋನು ಬಂತು.

"ಏನಮ್ಮಾ ಹದಿನೇಳು, ನನ್ನ ಗೋಪುರ ಅಳೀತೀಯಂತೆ?"

"ಹೌದು ಸರ್."

"ನಾನೂ ಬರ್ತೀನಿ, ಟೇಪ್ ತಗೊಂಡು. ನೋಡು, ಮೂವತ್ತನಾಲ್ಕು ಬ್ಯಾಚಿಗೆ ಆ ಅಂಕಿ ಇಟ್ಕೊಂಡು ಮಾರ್ಕ್ಸ್ ಹಾಕಿದೀನಿ. ಅದು ತಪ್ಪಾಗಿದ್ರೆ ಸುಳ್ಳು ಬರೆದೋರಿಗೆಲ್ಲ ಶಭಾಷ್ ಅಂದು, ನಿಜ ಬರೆದೋರನ್ನ ಬಿಸಿಲಿಗೆ ಅಟ್ಟಿದ ಹಾಗಾಯ್ತು. ಗೋಪುರ ಬಿದ್ದ ಮೇಲೆ ಯಾರನ್ನ ಕೇಳಲಿ?"

ಎಪ್ಪತ್ತೆಂಟರ ದನಿ ಕೊನೆಯಲ್ಲಿ ಸ್ವಲ್ಪ ಅದುರಿತು. ಅವಳು ಆ ಬೆಳಿಗ್ಗೆಯಷ್ಟೇ ಆಫೀಸಿನ ಲೇಸರ್ ಯಂತ್ರದಲ್ಲಿ ಅಳೆದು ಬಂದಿದ್ದಳು. ೨೧.೧೯.

ಮರುದಿನ ಮೇಷ್ಟ್ರು ಹೆಂಡತಿಯನ್ನೂ ಫ್ಲಾಸ್ಕನ್ನೂ ಕರೆದುಕೊಂಡು ಬಂದರು. ಆಕೆ ಮೆಟ್ಟಿಲ ಮೇಲೆ ಕರವಸ್ತ್ರ ಹಾಸಿ ಕೂತರು.

"ಮದುವೆ ತಾರೀಖು ಕೇಳು, ಕ್ಯಾಲೆಂಡರ್ ನೋಡ್ತಾರೆ. ಇದರ ಎತ್ತರ ಕೇಳು, ನಿದ್ದೇಲೂ ಹೇಳ್ತಾರೆ."

"ಮದುವೆಗೆ ದಶಮಾಂಶ ಇಲ್ವಲ್ಲೇ," ಎಂದರು ಮೇಷ್ಟ್ರು.

ಅವರ ಮಂಡಿ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಟೇಪಿನ ಡಬ್ಬಿ ಹಿಡಿದು ಅವಳೇ ಹತ್ತಿದಳು. ನಡುವೆ ಗೋಡೆಯ ಮೇಲೆ ಅವಳ ಬ್ಯಾಚಿನವರು ಮೊಳೆಯಲ್ಲಿ ಗೀಚಿದ ಮೇಷ್ಟರ ಮೂಗು ಹಾಗೇ ಇತ್ತು. ತುದಿಯಿಂದ ಟೇಪ್ ಇಳಿಬಿಟ್ಟಳು. ಕೆಳಗೆ ಮೇಷ್ಟ್ರು ಅದರ ತುದಿಯ ಲೋಹದ ಬಳೆಯನ್ನು ನೆಲಕ್ಕೊತ್ತಿ ಹಿಡಿದರು.

"ಎಷ್ಟು?"

ಟೇಪಿನ ಮೇಲೆ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

"ಇಪ್ಪತ್ತೊಂದು ಮೂವತ್ತನಾಲ್ಕು, ಸರ್!"

ಕೆಳಗೆ ಮೇಷ್ಟ್ರು ಟೋಪಿ ತೆಗೆದು ಹೆಂಡತಿಯತ್ತ ಬೀಸಿದರು. "ಕೇಳಿಸ್ತಾ? ಮೂವತ್ತನಾಲ್ಕು!"

ಅವಳು ಟೇಪ್ ಸುತ್ತಿಕೊಂಡಳು. ಕೊನೆಗೆ ಬಳೆ ಕೈಗೆ ಬಂತು. ಬಳೆಯ ಪಕ್ಕ ಒಂದು ಹಳೆಯ ರಿವೆಟ್ಟು. ರಿವೆಟ್ಟಿನ ಪಕ್ಕ ಮೊದಲ ಅಂಕಿ, ಹದಿನಾರು. ಯಾವ ಕಾಲದಲ್ಲೋ ಟೇಪಿನ ತುದಿ ಮುರಿದಿದೆ. ಹದಿನೈದು ಸೆಂಟಿಮೀಟರ್ ಹೋಗಿದೆ. ಉಳಿದದ್ದಕ್ಕೆ ಯಾರೋ ಬಳೆ ಕೂಡಿಸಿದ್ದಾರೆ. ಟೇಪ್ ಹಿಡಿದ ಕೂಡಲೇ ಅದರ ಸೊನ್ನೆ ಎಲ್ಲಿದೆ ನೋಡಿ ಎಂಬುದು ಮೇಷ್ಟರ ಮೊದಲ ಪಾಠ. ಗುರುಗಳು ಕೊಟ್ಟ ಟೇಪಿನಲ್ಲಿ ಮೇಷ್ಟ್ರು ಸೊನ್ನೆ ನೋಡಿರಲಿಲ್ಲ. ಇವತ್ತು ಹದಿನೇಳೂ ನೋಡಿರಲಿಲ್ಲ, ಮೇಷ್ಟ್ರು ಕೊಟ್ಟದ್ದಲ್ಲವೇ!

ಸುಮ್ಮನಿದ್ದುಬಿಡಬಹುದಿತ್ತು. ಗೋಪುರ ಹೇಗೂ ಬೀಳುತ್ತದೆ, ಲೇಸರ್ ಬಾಯಿಬಿಡುವುದಿಲ್ಲ, ಮುದುಕ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಅರ್ಧದಷ್ಟು ಮೆಟ್ಟಿಲು ಇಳಿಯುವವರೆಗೆ ಅವಳದು ಅದೇ ತೀರ್ಮಾನ. ಗೋಡೆಯ ಮೇಲಿನ ಮೂಗು ದಾಟುವಾಗ, ಅಳಿಸಿ ಬರೆದ ಆ ಪುಟ ನೆನಪಾಯಿತು. ಎರಡನೆಯ ಸಲ ರಬ್ಬರ್ ಹಿಡಿದಂತೆನಿಸಿತು.

ಕೆಳಗೆ ಬಂದು ಬಳೆಯನ್ನು ಅವರ ಅಂಗೈಯಲ್ಲಿಟ್ಟಳು.

"ಸರ್, ಟೇಪ್ ಹಿಡಿದ ಕೂಡ್ಲೆ ಮೊದಲು ಏನು ನೋಡ್ಬೇಕು ಅಂತ ಹೇಳಿಕೊಟ್ಟಿದ್ರಿ?"

ಮೇಷ್ಟ್ರು ನಗುತ್ತಲೇ ಕನ್ನಡಕ ಏರಿಸಿದರು. ನಗು ನಿಂತಿತು. ಹೆಬ್ಬೆರಳಿನಿಂದ ರಿವೆಟ್ಟನ್ನು ಸವರಿದರು. ಬಹಳ ಹೊತ್ತು ಸವರಿದರು.

"ನಿನ್ನ ಪುಸ್ತಕದಲ್ಲಿ ರಬ್ಬರಿನ ಗುರುತು ಕಂಡಿತ್ತು ಕಣಮ್ಮಾ," ಎಂದರು ಕೊನೆಗೆ. "ಬೆಳಕಿಗೆ ಹಿಡಿದು ನೋಡಿದ್ದೆ. ನನ್ನ ಅಂಕಿ ಬಂದಿದೆಯಲ್ಲಾ ಅಂತ ಸುಮ್ಮನಾದೆ."

"ಅಳಿಸಿದ್ದು ನಾನಲ್ವಾ ಸರ್."

"ಈಗ ಎಷ್ಟು ಕೊಡಲಿ?"

"ಅಳತೆ ಸರಿ, ಅಳಿಸಿದ್ದು ತಪ್ಪು. ಐದು ಕೊಡಿ."

"ಧಾರಾಳವಾಯ್ತು. ನಾಲ್ಕು." ಅಷ್ಟು ಹೇಳುವಾಗ ದನಿ ಮೊದಲಿನ ಹಾಗಾಗಿತ್ತು. ಜೇಬಿನಿಂದ ತಮ್ಮ ಹಳೆಯ ಫೀಲ್ಡ್ ಬುಕ್ ತೆಗೆದು, ೨೧.೩೪ರ ಮೇಲೆ ಒಂದೇ ಗೆರೆ ಹೊಡೆದು, ೨೧.೧೯ ಬರೆದು ಸಹಿ ಹಾಕಿದರು. ಪುಸ್ತಕವನ್ನು ಅವಳತ್ತ ಚಾಚಿದರು. "ನೀನೂ ಹಾಕು. ಕಂಡುಹಿಡಿದೋಳು ನೀನು."

"ಐವತ್ತೆರಡು ವರ್ಷ ನೆಲದಿಂದ ಹದಿನೈದು ಸೆಂಟಿಮೀಟರ್ ಮೇಲೇ ಓಡಾಡಿದ್ರಿ," ಎಂದರು ಹೆಂಡತಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ. "ಬನ್ನಿ, ಕೂತ್ಕೊಳ್ಳಿ, ಕಾಫಿ ಆರುತ್ತೆ."

ಮೂವರೂ ಮೆಟ್ಟಿಲ ಮೇಲೆ ಕೂತು ಕುಡಿದರು. ಮೆಟ್ಟಿಲಿನ ಅಗಲ ಮೂವತ್ತೆರಡು ಸೆಂಟಿಮೀಟರ್ ಎಂದರು ಮೇಷ್ಟ್ರು. ಮೂವತ್ತು ಎಂದಳು ಹದಿನೇಳು. ಆ ಟೇಪಿನಲ್ಲಿ ಅಳೆಯುವುದು ಬೇಡವೆಂದು ಇಬ್ಬರೂ ಒಪ್ಪಿದರು.

ಗಡಿಯಾರ ಗೋಪುರದ ಎತ್ತರ ೨೧.೧೯ ಮೀಟರ್ ಎಂದು ನಗರಸಭೆಯ ಕಡತದಲ್ಲಿ ದಾಖಲಾಯಿತು. ಮುಂದಿನ ಬುಧವಾರ ಅದನ್ನು ಕೆಡವಿದರು.