ಮಾವನ ಬಂದೂಕಿನ ಬೆಲೆ

ಗಂಡ ತೀರಿಕೊಂಡು ಎರಡು ತಿಂಗಳಾಗಿರಬೇಕು, ಮೈದುನ ಬಂದೂಕಿನ ಮಾತೆತ್ತಿದ. ಗೋಡೆ ಗಡಿಯಾರದ ಮಾತೆತ್ತಿದ್ದರೂ ಅವಳಿಗೆ ಅಷ್ಟೇ ಆಗಿತ್ತು. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿ ದುಡಿಯುತ್ತಿದ್ದವಳು ಅವಳು. ಬಾಯಿ ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿಸಿಕೊಂಡವರು ತಮ್ಮದೇ ತುಟಿಯನ್ನು ಬೇರೆ ಯಾರದೋ ಎಂಬಂತೆ ಮುಟ್ಟಿ ಮುಟ್ಟಿ ನೋಡಿಕೊಳ್ಳುವುದನ್ನು ದಿನಾ ಕಂಡಿದ್ದಳು. ಈಗ ಅವಳೇ ಇಡಿಯಾಗಿ ಹಾಗಾಗಿದ್ದಳು.

"ಅಪ್ಪ ಯುದ್ಧದಿಂದ ತಂದಿದ್ದು ಅತ್ತಿಗೆ! ಅಂಥದ್ದಕ್ಕೆ ಈಗ ಜನ ಮುಗಿಬೀಳ್ತಾರೆ. ಬೀರುವಿನಲ್ಲಿಟ್ಟು ತುಕ್ಕು ಹಿಡಿಸಬೇಡಿ. ನಡೀರಿ, ತೋರಿಸ್ಕೊಂಡು ಬರೋಣ."

ಬೇಡ ಎನ್ನಲು ಬೇಕಾದಷ್ಟು ಹುರುಪೂ ಇಲ್ಲದ್ದರಿಂದ ಅವಳು ಹೊರಟಳು. ದಾರಿಯುದ್ದಕ್ಕೂ ಮೈದುನ ಕಾರು ಓಡಿಸುತ್ತಾ ಗಾಳಿಗೋಪುರ ಕಟ್ಟಿದ. ಮನೆಯ ಮಾಡು ರಿಪೇರಿಯಾಗುತ್ತದೆ, ಅತ್ತಿಗೆ ಕೆಲಸ ಬಿಡಬಹುದು. ಹಿಂದಿನ ಸೀಟಿನಲ್ಲಿ ಬಂದೂಕು ಹಳೇ ಕಂಬಳಿ ಹೊದ್ದು ಮಲಗಿತ್ತು.

ಬಂದೂಕಿನ ಅಂಗಡಿಯವನಿಗೆ ಜೋರು ನೆಗಡಿ. ಮೂಗೊರೆಸಿಕೊಂಡು ಮೊದಲು ಲೈಸೆನ್ಸ್ ನೋಡಿದ. ಆಮೇಲೆ ಗುಂಡು ತುಂಬುವ ಕಡೆಯ ಬೋಲ್ಟ್ ಕಳಚಿ, ನಳಿಗೆಯೊಳಗಿಂದ ಕಿಟಕಿಯ ಬೆಳಕು ನೋಡಿ, ಹಿಡಿಯ ಮರವನ್ನು ಬೆರಳಿನಿಂದ ಸವರಿದ. ಮೈದುನ ಅವನ ಮುಖವನ್ನೇ ನೋಡುತ್ತಿದ್ದ.

"ಯುದ್ಧದ ಕಾಲದ್ದೇ, ಸುಳ್ಳಲ್ಲ," ಎಂದ ಅಂಗಡಿಯವನು. "ಇಲ್ಲಿ ಸೈನ್ಯದ ಮುದ್ರೆ ಇತ್ತು, ಉಜ್ಜಿ ತೆಗೆದಿದ್ದಾರೆ. ಮುಂದಿನ ಮರ ನಳಿಗೆಯ ತುದಿವರೆಗೂ ಇರಬೇಕಿತ್ತು, ಅರ್ಧಕ್ಕೆ ಕತ್ತರಿಸಿದ್ದಾರೆ. ನಳಿಗೆನೂ ಒಂದು ಗೇಣು ಮೋಟಾಗಿದೆ. ದುರ್ಬೀನು ಕೂರಿಸೋಕೆ ಇಲ್ಲಿ ತೂತು ಬೇರೆ. ಯಾರ ಕೆಲಸ ಇದು?"

"ನಮ್ಮವರದ್ದು," ಎಂದಳು ಅವಳು. "ಒಂದು ಚಳಿಗಾಲ ಪೂರ್ತಿ ಹಿಂದಿನ ಕೋಣೆಯಲ್ಲಿ ಕೂತು ಮಾಡಿದ್ರು."

"ಕೈ ಚೆನ್ನಾಗಿದೆ. ಆದ್ರೆ ಬೆಲೆ ಹೋಯ್ತು. ಹಾಗೇ ಬಿಟ್ಟಿದ್ರೆ ಸಂಗ್ರಹ ಮಾಡೋರು ಸಣ್ಣ ಕಾರಿನಷ್ಟು ದುಡ್ಡು ಸುರೀತಿದ್ರು. ಈಗ ಇದು ಬರೀ ಬೇಟೆ ಬಂದೂಕು. ಒಂದು ಹಳೇ ಸ್ಕೂಟರ್ ಬರಬಹುದು, ಅದೂ ಚೌಕಾಸಿ ಮಾಡಿದ್ರೆ."

ಮೈದುನನ ಮುಖ ಹುಳ್ಳಗಾಯಿತು. "ಅಪ್ಪನ ಬಂದೂಕಿಗೆ ಗರಗಸ ಹಾಕಿದ್ನಾ? ಬುದ್ಧಿ ಮಣ್ಣು ತಿನ್ನೋಕೆ ಹೋಗಿತ್ತಾ ಅವನಿಗೆ!" ಅಂದವನು ಅತ್ತಿಗೆಯತ್ತ ನೋಡಿ ನಾಲಿಗೆ ಕಚ್ಚಿಕೊಂಡ. ಅವಳಿಗೆ ಕೋಪವೂ ಬರಲಿಲ್ಲ.

ಅಂಗಡಿಯವನು ಬಂದೂಕನ್ನು ಭುಜಕ್ಕೆ ಕೊಟ್ಟು ನೋಡಿ, ಕತ್ತು ಕುಗ್ಗಿಸಿಕೊಂಡ. "ಅವರು ಕುಳ್ಳಗಿದ್ರಾ?"

"ನಮ್ಮಣ್ಣನಾ? ಬಾಗಿಲಿಗೆಲ್ಲ ತಲೆ ಹೊಡೆಸ್ಕೊಳ್ತಿದ್ದ," ಎಂದ ಮೈದುನ.

"ಮತ್ತೆ ಭುಜಕ್ಕೆ ಬರೋ ಈ ಮರಾನ ಇಷ್ಟು ಗಿಡ್ಡ ಯಾಕೆ ಮಾಡಿದ್ರು? ಇದು ಉದ್ದ ಕೈಯವರಿಗಲ್ಲ. ಒಂದ್ನಿಮಿಷ ಹಿಡ್ಕೊಳ್ಳಿ ಅಮ್ಮ. ಖಾಲಿ ಇದೆ, ಹೆದರಬೇಡಿ."

ಅವಳು ಹಿಡಿದಳು. ಮರ ಭುಜದ ಗುಳಿಯಲ್ಲಿ ಕೂತಿತು, ಕೆನ್ನೆ ತಾನಾಗಿ ಅದರ ಮೇಲೆ ಒರಗಿತು, ಬೆರಳು ಎಲ್ಲೂ ತಡಕಾಡದೆ ಗುಂಡು ಹಾರಿಸುವ ಕುದುರೆಯನ್ನು ಮುಟ್ಟಿತು. ಅಂಗಡಿಯವನು ಏನೋ ಹೇಳಲು ಹೋಗಿ ಸೀನಿದ.

ಆ ಚಳಿಗಾಲದಲ್ಲಿ ಒಂದು ದಿನ ಅವಳು ಪಾತ್ರೆ ತೊಳೆಯುತ್ತಿದ್ದಾಗ ಗಂಡ ಟೇಪು ಹಿಡಿದು ಬಂದಿದ್ದ. "ಕೈ ಮಡಚು," ಎಂದು ಮೊಣಕೈಯಿಂದ ತೋರುಬೆರಳಿನವರೆಗೆ ಅಳೆದಿದ್ದ. ಯಾಕ್ರೀ ಅಂದರೆ, ಸುಮ್ಮನೆ, ಅಂದಿದ್ದ. ಕೋಟು ಹೊಲಿಸುತ್ತಾನೇನೋ ಅಂದುಕೊಂಡಿದ್ದಳು. ಕೋಟು ಬರಲಿಲ್ಲ, ಅವಳೂ ಕೇಳಲಿಲ್ಲ. ಮರುವರ್ಷ ಒಮ್ಮೆ, ಭಾನುವಾರ ಬೆಟ್ಟದ ಕಡೆ ಬೇಟೆಗೆ ಬರ್ತೀಯಾ ಎಂದು ಕೇಳಿದ. ಬಟ್ಟೆ ರಾಶಿ ಬಿದ್ದಿದೆ ಅಂದಳು. ಅಷ್ಟೇ. ಮತ್ತೆ ಕೇಳುವ ಪೈಕಿಯವನಲ್ಲ ಅವನು. ಬಂದೂಕು ಬೀರು ಸೇರಿತ್ತು.

"ಕೊಡೋದಾದ್ರೆ ನಾನೇ ತಗೋತೀನಿ," ಎಂದ ಅಂಗಡಿಯವನು.

"ಕೊಡೋದಿಲ್ಲ," ಎಂದಳು. ಯಾಕೆ ಹಾಗಂದೆನೆಂದು ಅವಳಿಗೇ ತಿಳಿಯಲಿಲ್ಲ.

"ಹಾಗಾದ್ರೆ ಲೈಸೆನ್ಸ್ ಬೇಗ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ಸರ್ಕಾರಕ್ಕೆ ಒಪ್ಪಿಸಬೇಕಾಗುತ್ತೆ."

ವಾಪಸು ಬರುವಾಗ ಮೈದುನ ಮಾಡು ರಿಪೇರಿಯ ಮಾತೆತ್ತಲಿಲ್ಲ. ಮನೆಯ ಗೇಟಿನಲ್ಲಿ ಮಾತ್ರ, "ಅಣ್ಣನಿಗೆ ಹಾಗೆ ಅನ್ನಬಾರದಿತ್ತು," ಎಂದ. "ಪರವಾಗಿಲ್ಲ ಬಿಡಪ್ಪ," ಎಂದಳು.

ಒಳಗೆ ಬಂದು ಬಂದೂಕನ್ನು ಮಂಚದ ಮೇಲಿಟ್ಟು ಪಕ್ಕದಲ್ಲಿ ಕೂತಳು. ಈಗ ಅಳು ಬರುತ್ತದೆ ಅಂದುಕೊಂಡು ಕಾದಳು. ಬರಲಿಲ್ಲ. ಹಸಿವಾಯಿತು. ನಿಂತುಕೊಂಡೇ ಎರಡು ತುಂಡು ಬ್ರೆಡ್ ತಿಂದಳು.

ಮರುವಾರ ರಜೆ ಹಾಕಿ ಲೈಸೆನ್ಸ್ ಕಚೇರಿಗೆ ಹೋದಳು. ಗುಮಾಸ್ತೆ ಹೆಸರು, ವಯಸ್ಸು ಬರೆದುಕೊಂಡು ಕೇಳಿದಳು:

"ಬಂದೂಕು ಯಾವ ಉದ್ದೇಶಕ್ಕೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಬರೆಯೋಕಾಗಲ್ಲ ಅಮ್ಮ. ಬೇಟೆನಾ, ರಕ್ಷಣೆಗಾ?"

ಜಿರಲೆಯನ್ನೂ ಹೊಡೆಯಲಾರದೆ ಗಂಡನನ್ನು ಕೂಗುತ್ತಿದ್ದವಳು ಸ್ವಲ್ಪ ಯೋಚಿಸಿದಳು.

"ಬೇಟೆ ಅಂತ ಬರೀರಿ," ಎಂದಳು.